ಕಾಪುವಿಗೆ ಒಬ್ಬನೇ ಬಂದವನಿಗೆ ರೂಮು ಉಂಟೇ?

ಶಿರ್ವ: ಕಾಪು ಪೇಟೆಯಲ್ಲಿ ಬಸ್ಸಿನಿಂದ ಒಬ್ಬನೇ ಇಳಿದವನಿಗೆ ಮೊದಲು ಎದುರಾಗುವುದು ಕಡಲಲ್ಲ, ಒಂದು ಪ್ರಶ್ನೆ. "ಯಾರ ಮನೆಗೆ?"

ರಿಕ್ಷಾದವರೂ ಕೇಳುತ್ತಾರೆ, ಗೂಡಂಗಡಿಯವರೂ ಕೇಳುತ್ತಾರೆ. ಕೇಳುವುದರಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಈ ಕಡೆಗೆ ಹೊರಗಿನವರು ಬರುವುದು ಮದುವೆಗೆ, ಕೋಲಕ್ಕೆ, ಮಾರಿಪೂಜೆಗೆ, ಇಲ್ಲವೇ ನೆಂಟರ ಮನೆಗೆ. "ಯಾರ ಮನೆಗೂ ಅಲ್ಲ, ಸುಮ್ಮನೆ ಎರಡು ದಿನ ಇದ್ದು ಹೋಗುವಾ ಅಂತ ಬಂದದ್ದು" ಎಂದರೆ ಕೇಳಿದವರ ಮುಖ ಒಂದು ನಮೂನೆ ಆಗುತ್ತದೆ. "ಒಬ್ರೆಯಾ?" ಎಂಬುದು ಎರಡನೇ ಪ್ರಶ್ನೆ.

ಇದು ಇಂಥವರೊಬ್ಬರ ಕಥೆ ಎಂದು ಬೆರಳು ತೋರಿಸುವ ಹಾಗಿಲ್ಲ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಕೂತು ಬೇಸತ್ತ ಘಟ್ಟದ ಮೇಲಿನ ನಿವೃತ್ತ ಮೇಷ್ಟ್ರು, ಪರೀಕ್ಷೆ ಮುಗಿಸಿ ಬ್ಯಾಗು ಹೆಗಲಿಗೇರಿಸಿದ ಹುಡುಗ, ಬೆಂಗಳೂರಿನ ಕಚೇರಿಯಿಂದ ನಾಲ್ಕು ದಿನದ ರಜೆ ಪಡೆದ ಹೆಣ್ಣುಮಗಳು, ಹೀಗೆ ಕರಾವಳಿಗೆ ಒಂಟಿಯಾಗಿ ಬರುವವರೆಲ್ಲರದ್ದೂ ಇದೇ ಪಾಡು.

ರೂಮಿನ ರಾಮಾಯಣ

ಲಾಡ್ಜಿನ ಮೇಜಿನ ಆಚೆ ಕೂತವರು ಮೊದಲು ನೋಡುವುದು ಬಂದವನ ಮುಖವನ್ನಲ್ಲ, ಅವನ ಬೆನ್ನ ಹಿಂದೆ. ಇನ್ನೊಬ್ಬರು ಯಾರಾದರೂ ಉಂಟೋ ಎಂದು. ಇಲ್ಲವೆಂದು ಗೊತ್ತಾದ ಕೂಡಲೇ ರೂಮು ಭರ್ತಿಯಾಗುತ್ತದೆ! ಗೋಡೆಗೆ ತೂಗು ಹಾಕಿದ ಕೀಲಿಕೈಗಳು ಎದುರಿಗೇ ಕಾಣುತ್ತಿದ್ದರೂ ಭರ್ತಿ. ಎಲ್ಲರೂ ಹೀಗೆಂದಲ್ಲ. ಆದರೆ ಊರೂರು ಒಂಟಿಯಾಗಿ ತಿರುಗಿದವರಿಗೆ ಈ "ಭರ್ತಿ" ಚೆನ್ನಾಗಿ ಗೊತ್ತು. ಹೆಂಗಸಾದರಂತೂ ಪ್ರಶ್ನೆಗಳು ಇಮ್ಮಡಿ. ಗಂಡ ಎಲ್ಲಿ, ಅಪ್ಪನ ಫೋನ್ ನಂಬರು ಏನು, ಯಾಕೆ ಬಂದದ್ದು?

ಲಾಡ್ಜಿನವರಿಗೂ ಹೇಳಲಿಕ್ಕೆ ಉಂಟು. ಒಬ್ಬನೇ ಬಂದವನು ಒಳಗಿಂದ ಚಿಲಕ ಹಾಕಿಕೊಂಡು ಏನಾದರೂ ಮಾಡಿಕೊಂಡರೆ? ಬಾಗಿಲು ಒಡೆಯಬೇಕು, ಠಾಣೆಗೆ ಅಲೆಯಬೇಕು, ಮಹಜರಿಗೆ ಸಹಿ ಹಾಕಬೇಕು. ಒಂದು ರಾತ್ರಿಯ ಬಾಡಿಗೆಗೆ ಇಷ್ಟೆಲ್ಲ ಯಾರಿಗೆ ಬೇಕು ಮಾರಾಯ್ರೆ ಎಂಬುದು ಅವರ ವಾದ. ವಾದ ಪೂರಾ ಸುಳ್ಳಲ್ಲ. ಆದರೆ ದುಃಖದಲ್ಲಿ ಬಂದವನೇ ಆಗಿದ್ದರೆ, ರೂಮಿಲ್ಲ ಎಂದು ಕತ್ತಲೆಯಲ್ಲಿ ಅವನನ್ನು ಕಡಲಿನ ಕಡೆಗೆ ಕಳಿಸಿದ್ದರಿಂದ ಯಾರಿಗೆ ಒಳ್ಳೆಯದಾಯಿತು?

ನೋಡಲಿಕ್ಕೆ ಎಂತ ಉಂಟು?

ಅಂತೂ ಹೇಗೋ ಬಿಡಾರ ಸಿಕ್ಕಿತೆನ್ನಿ. ಒಬ್ಬನೇ ಬಂದವನಿಗೆ ಇಲ್ಲಿ ನೋಡಲಿಕ್ಕೆ ಏನು ಕಡಿಮೆ? 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ಇಂದಿಗೂ ನಿಂತಿದೆ. ಎತ್ತರ ಸುಮಾರು 27 ಮೀಟರ್. ಮೊದಲು ಎಣ್ಣೆಯಿಂದ ಉರಿಯುತ್ತಿದ್ದ ದೀಪ ಈಗ ವಿದ್ಯುತ್ತಿನದ್ದು. ಸಂಜೆ ಸ್ವಲ್ಪ ಹೊತ್ತು ಜನರನ್ನು ಮೇಲಕ್ಕೆ ಬಿಡುತ್ತಾರೆ. ಸುರುಳಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಮುಗಿಯದ ತೆಂಗಿನ ತೋಟ.

ಬೆಳಿಗ್ಗೆ ಅದೃಷ್ಟ ಇದ್ದರೆ ಕೈರಂಪಣಿ ಎಳೆಯುವುದು ಕಾಣಬಹುದು. ಹಗ್ಗಕ್ಕೆ ಸಾಲಾಗಿ ಕೈಹಾಕಿ, ಬಲೆಯನ್ನು ದಡಕ್ಕೇ ಎಳೆದು ತರುವ ಕ್ರಮ. ಹಿಂದೆ ದೊಡ್ಡ ರಂಪಣಿಗೆ ಪಟ್ಣದ ಹತ್ತಾರು ಮನೆಗಳ ಕೈ ಸೇರಬೇಕಿತ್ತು, ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂತು, ದೊಡ್ಡ ರಂಪಣಿ ಮೂಲೆ ಸೇರಿತು. ಉಳಿದದ್ದು ಅದರ ಸಣ್ಣ ರೂಪ.

ಹೊಟ್ಟೆಗೆ ಯೋಚನೆ ಇಲ್ಲ. ಗೋಳಿಬಜೆ, ನೀರುದೋಸೆ, ಕುಚ್ಚಲಕ್ಕಿ ಊಟ, ಬಂಗುಡೆಯ ಪುಳಿಮುಂಚಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ರಜೆ, ಆಗ ಮೀನಿಗೆ ಚಿನ್ನದ ಬೆಲೆ. ಮಳೆಗಾಲದಲ್ಲಿ ಬಂದವನು ಕಡಲನ್ನು ದೂರದಿಂದಲೇ ನೋಡುವುದು ಕ್ಷೇಮ. ಇಲ್ಲಿಯ ಬಂಡೆಗೂ ಅಲೆಗೂ ಒಬ್ಬನೇ ಬಂದವನು, ಹತ್ತು ಮಂದಿ ಬಂದವರು ಎಂಬ ಭೇದ ಇಲ್ಲ.

ಸುಗ್ಗಿ ಮಾರಿಪೂಜೆಯ ಮಂಗಳವಾರ, ಬುಧವಾರ ಬಂದನೋ, ಅವನು ಒಂಟಿಯಾಗಿ ಉಳಿಯುವುದೇ ಕಷ್ಟ. ಜನಜಾತ್ರೆಯಲ್ಲಿ ಯಾರಿಗೆ ಯಾರ ಪರಿಚಯ? ಆ ಎರಡು ದಿನ ಮಾತ್ರ "ಯಾರ ಮನೆಗೆ" ಎಂದು ಯಾರೂ ಕೇಳುವುದಿಲ್ಲ.

ಜಗಲಿ ಹೋಯಿತು, ಗೇಟು ಬಂತು

ಹಿಂದೆ ಹೇಗಿತ್ತು? ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಎಂಬಾತ 1623ರಲ್ಲಿ ಈ ಸೀಮೆಯಲ್ಲಿ ತಿರುಗಿ, ಉಳ್ಳಾಲದ ರಾಣಿಯನ್ನೂ ಕಂಡು ಹೋದ. ಇಕ್ಕೇರಿಗೆ ಹೋಗುವಾಗ ಘಟ್ಟದ ದಾರಿಯಲ್ಲಿ ಅವನಿಗೆ ದೇವಸ್ಥಾನದ ಜಗಲಿಯೇ ಬಿಡಾರ. ಮಕ್ಕಳು ಹಾಡುತ್ತ ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬರೆದು ಕಲಿಯುವುದನ್ನು ಅವನು ನೋಡಿದ, ಬರೆದಿಟ್ಟ. ಭಾಷೆ ಬಾರದ ಪರದೇಶಿಗೆ ಜಾಗ ಕೊಟ್ಟ ಜಗಲಿ ಅದು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಶಿರ್ವದ ಮನೆಗಳಲ್ಲಿ ದಾರಿಹೋಕನಿಗೆ ಮೊದಲು ಬೆಲ್ಲ, ನೀರು. ಊರು ಯಾವುದು ಎಂಬ ವಿಚಾರಣೆ ಆಮೇಲೆ. ಇದನ್ನು ಕಂಡವರು ಈಗಲೂ ಇದ್ದಾರೆ. ಬಳಿಕ ಜಗಲಿಗೆ ಗ್ರಿಲ್ಲು ಬಂತು, ಅಂಗಳಕ್ಕೆ ಗೇಟು ಬಂತು. ದುಡಿಯುವ ಮಕ್ಕಳು ಮುಂಬಯಿಗೆ, ಗಲ್ಫಿಗೆ ಹೋದ ಮೇಲೆ ಮನೆಯಲ್ಲಿ ಮುದುಕರಿಬ್ಬರೇ. ಅವರಿಗೂ ಭಯ ಇರುವುದು ಸಹಜ. ತಪ್ಪು ಯಾರದ್ದು ಎಂದು ಹೇಳಲಿಕ್ಕಾಗುವುದಿಲ್ಲ.

ಆದರೆ ಒಂದು ಮಾತು ಹೇಳಬಹುದು. ಒಬ್ಬನೇ ಹೊರಡುವ ಕಷ್ಟ ನಮ್ಮೂರಿನವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಟ್ರಂಕು ಹಿಡಿದು ಮುಂಬಯಿಯಲ್ಲಿ ಒಬ್ಬನೇ ಇಳಿದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲೇ ಮಲಗಿ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಕುಟುಂಬಗಳು ಇಲ್ಲಿ ಕೇರಿಗೊಂದು ಸಿಕ್ಕಾವು. ಅಂದು "ಒಬ್ಬನೇಯಾ? ಜಾಗ ಇಲ್ಲ" ಎಂದು ಅಲ್ಲಿಯವರು ಎಲ್ಲರೂ ಹೇಳಿದ್ದರೆ?

ಆಗಬೇಕಾದ್ದು

ಕಾಪು 2018ರಿಂದ ತಾಲೂಕು ಕೇಂದ್ರ. ಹೆದ್ದಾರಿ ಅಗಲವಾಗಿದೆ, ಇನ್ನಂಜೆಯಲ್ಲಿ ರೈಲು ನಿಲ್ದಾಣ ಉಂಟು. ಬರುವವರು ಇನ್ನೂ ಹೆಚ್ಚುವವರೇ. ಗುರುತಿನ ಚೀಟಿ ನೋಡಲಿ, ಪುಸ್ತಕದಲ್ಲಿ ಬರೆಸಿಕೊಳ್ಳಲಿ, ಅದು ಸರಿಯಾದ ಕ್ರಮವೇ. ಆಮೇಲೆ ಕೀಲಿಕೈ ಕೊಟ್ಟು, ರಾತ್ರಿ ಒಮ್ಮೆ "ಊಟ ಆಯ್ತಾ?" ಎಂದು ಬಾಗಿಲ ಬಳಿ ನಿಂತು ಕೇಳಲಿ. ಇದಕ್ಕೆ ಸರಕಾರದ ಅನುದಾನ ಬೇಡ, ಕಾಮಗಾರಿ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ.

ದೀಪಸ್ತಂಭ 1901ರಿಂದ ರಾತ್ರಿಯಿಡೀ ಮಾಡುತ್ತ ಬಂದಿರುವ ಕೆಲಸವೂ ಅದೇ. ದೋಣಿಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಅದು ಇಷ್ಟರವರೆಗೆ ಯಾರನ್ನೂ ಕೇಳಿದ್ದಿಲ್ಲ.