ಹೊತ್ತು ನೋಡಿ ಕೊಳ್ಳುವ ಹರಿಗೋಲು

ಕಂಪ್ಲಿ ಕೋಟೆಯ ಬದಿಯ ತುಂಗಭದ್ರೆಯ ದಂಡೆಯಲ್ಲಿ ಚೈತ್ರದ ಬಿಸಿಲು. ಮೀನುಗಾರರೊಬ್ಬರು ಹರಿಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದರು. ನನಗೂ ಸ್ವಂತದ್ದೊಂದು ಬೇಕೆಂದು ಹೇಳಿಟ್ಟಿದ್ದೆ. ಪಕ್ಕದಲ್ಲಿ ಒಣಗಲು ಬಿಟ್ಟಿದ್ದ ಇನ್ನೊಂದನ್ನು ತೋರಿಸಿ, “ತೆಲಿ ಮ್ಯಾಲೆ ಹೊತ್ಕೊಂಡು ಒಳಗ ನೋಡ್ರಿ ಸರ” ಎಂದರು. ಹೊತ್ತೆ. ಒಳಗೆಲ್ಲ ಕತ್ತಲು, ಅಂಚಿನ ಹತ್ತಿರ ಮಾತ್ರ ಸಾಸಿವೆ ಕಾಳಿನಷ್ಟು ಬೆಳಕಿನ ಎರಡು ಚುಕ್ಕೆ. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಹೀಗೆ ಹೊತ್ತಾಗ ತೂತೂ ಗೊತ್ತಾಗುತ್ತದೆ, ತೂಕವೂ ಗೊತ್ತಾಗುತ್ತದೆ. ಬಂಡೆಗಳ ಈ ಹೊಳೆಯಲ್ಲಿ ನೀರು ಬತ್ತಿದ ಕಡೆ ಹರಿಗೋಲನ್ನು ನಾವೇ ಹೊರಬೇಕು. ಹೊತ್ತು ಹತ್ತು ಹೆಜ್ಜೆ ನಡೆಯಲಾಗದಷ್ಟು ಭಾರದ್ದನ್ನು ಕೊಂಡರೆ ಅದು ದಂಡೆಯಲ್ಲೇ ಉಳಿಯುತ್ತದೆ.

ಇಂಥದ್ದೇ ಪರೀಕ್ಷೆ ಕಡಲಿನಲ್ಲೂ ಇದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಕಡಲಿನಲ್ಲಿ ಮುಳುಗುವ ಅನುಭವಿಗಳು ಮಾಸ್ಕನ್ನು ಪಟ್ಟಿ ಕಟ್ಟದೆ ಮುಖಕ್ಕೊತ್ತಿ, ಮೂಗಿನಿಂದ ಉಸಿರೆಳೆದು, ಅದು ಬೀಳದೆ ನಿಂತರೆ ಮಾತ್ರ ಕೊಳ್ಳುತ್ತಾರೆ. ನೀರಿಗಿಳಿಯುವ ಸಾಧನವನ್ನು ಮೈಗೆ ಹಚ್ಚಿ ನೋಡದೆ ಕೊಳ್ಳಬಾರದು.

ತುಂಗಭದ್ರೆಗೆ ಈ ದುಂಡು ದೋಣಿ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯಂಥ ದೋಣಿ, ಒಳಗೆ ಬೆತ್ತದ ಹೆಣಿಕೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯಬಿದ್ದರೆ ಕುದುರೆ, ಎತ್ತುಗಳೂ ದಾಟುತ್ತವೆ. ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂಬುದನ್ನೂ ಸೇರಿಸಿದ್ದಾನೆ. ಆ ತಿರುಗುವಿಕೆಯೇ ಇದರ ಗುಣ ಎಂದು ನಾನು ಹೇಳುತ್ತೇನೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರೂ ಸಾಕು. ಬಂಡೆಗೆ ತಾಗಿದರೆ ಒಡೆಯದೆ ಹೊರಳಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಹಂಪಿ–ಆನೆಗೊಂದಿ ನಡುವಿನ ಬಂಡೆಗಳ ಸಂದಿಯಲ್ಲಿ ಮೂತಿ ಚೂಪಾದ ದೋಣಿಗೆ ಇದು ಸಾಧ್ಯವಿಲ್ಲ. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದ ಮೇಲೂ ಜನರನ್ನು ದಾಟಿಸಿದ್ದು ಇದೇ ದುಂಡು ದೋಣಿ.

ಕೊಳ್ಳುವವರು ಹೊರಗಿನ ಕಪ್ಪಿಗೆ ಮರುಳಾಗಬಾರದು. ಡಾಂಬರು ಎಲ್ಲ ಕುಂದನ್ನೂ ಮುಚ್ಚಿಬಿಡುತ್ತದೆ. ನೋಡಬೇಕಾದದ್ದು ಒಳಗಿನ ಬಿದಿರು. ದಬ್ಬೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಚಿಮ್ಮಿ ಮೊದಲಿನ ಜಾಗಕ್ಕೆ ಬರಬೇಕು. ಎಳೆ ಬಿದಿರಾದರೆ ಒಣಗಿ ಸುಕ್ಕಾಗಿ ಹೆಣಿಕೆ ಸಡಿಲವಾಗುತ್ತದೆ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದರ್ಥ. ಅಂಥ ಹರಿಗೋಲನ್ನು ಅಲ್ಲೇ ಬಿಟ್ಟು ಬನ್ನಿ. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಯ ಸುತ್ತಿನ ಅಂಚು ನೋಡಿ. ಹತ್ತುವವರು, ಇಳಿಯುವವರು, ಬಲೆ ಎಳೆಯುವವರು, ಎಲ್ಲರ ಭಾರವೂ ಬೀಳುವುದು ಅದರ ಮೇಲೆಯೇ. ಬುಟ್ಟಿ ಹೆಣೆಯುವ ಮೇದಾರರ ಕೈ ಬಿದ್ದ ಅಂಚು ನೋಡಿದರೆ ಗೊತ್ತಾಗುತ್ತದೆ: ದಬ್ಬೆಯ ತುದಿ ಎಲ್ಲಿ ಮುಗಿಯಿತೆಂದು ಹುಡುಕಿದರೂ ಸಿಗುವುದಿಲ್ಲ.

ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲ, ತಾಡಪತ್ರಿ ಬಂದಿವೆ. ನನ್ನ ಮಟ್ಟಿಗೆ ನಷ್ಟವೇನಿಲ್ಲ. ಹರಿದರೆ ತೇಪೆ ಹಚ್ಚುವುದು ಸುಲಭ. ಇನ್ನು ಹುಟ್ಟು. ಅದನ್ನು ನಿಮ್ಮ ತೋಳಿನ ಅಳತೆಗೆ ಆರಿಸಿಕೊಳ್ಳಿ, ಏಕೆಂದರೆ ಹರಿಗೋಲಿನಲ್ಲಿ ಮುಂದೆ ನೋಡುತ್ತ ಕೂತು ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಉದ್ದವಾದರೆ ಹೆಗಲು ಸೋಲುತ್ತದೆ.

ಹುಟ್ಟಿನ ಜೊತೆಗೇ ಲೈಫ್ ಜಾಕೆಟ್ ಕೊಳ್ಳಿ, ಈಜು ಬಂದರೂ ಕೊಳ್ಳಿ. ಜಲಾಶಯದ ಗೇಟು ತೆರೆದು ಹಂಪಿಯ ಪುರಂದರ ಮಂಟಪ ಮುಳುಗಿದ ದಿನಗಳಲ್ಲಿ ಯಾವ ಅಂಬಿಗರೂ ನೀರಿಗಿಳಿಯುವುದಿಲ್ಲ, ನೀವೂ ಇಳಿಯಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬೆಳಗಿನ ಹೊತ್ತು ಬಂಡೆಯ ಮೇಲೆ ಅವು ಮೈ ಒಣಗಿಸುತ್ತಿದ್ದರೆ ಹುಟ್ಟನ್ನು ಮೇಲೆತ್ತಿ ಸುಮ್ಮನೆ ತೇಲಿ. ಮೋಟಾರಿನ ಸದ್ದಿಲ್ಲದ ಹರಿಗೋಲಿಗೆ ಅದು ಸಾಧ್ಯ.

ನಾನು ಮೆಚ್ಚಿದ ಹರಿಗೋಲನ್ನು ಆ ಮೀನುಗಾರರು ಅಂದು ಕೊಡಲಿಲ್ಲ. “ಎರಡು ಚುಕ್ಕಿ ಅದಾವಲ್ರಿ, ಮುಚ್ಚಿ ಒಣಗಿದ ಮ್ಯಾಲೆ ಒಯ್ರಿ” ಎಂದರು. ಡಾಂಬರಿನ ಡಬ್ಬಿಯನ್ನು ನನ್ನತ್ತ ಸರಿಸಿ, ಕುಂಚವನ್ನು ನನ್ನ ಕೈಗೇ ಕೊಟ್ಟರು.