ಚಿಪ್ಪಿನೊಳಗೊಂದು ಗೀಗೀ ಮೇಳ

1990ರ ದಶಕದಲ್ಲಿ ನಮ್ಮ ಕಡೆ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ವಿಡಿಯೊ ಗೇಮ್‌ಗಳಲ್ಲಿ ಹೆಚ್ಚಿನವು 1983ರ ನಿಂಟೆಂಡೊ ಫ್ಯಾಮಿಲಿ ಕಂಪ್ಯೂಟರಿನ ನಕಲುಗಳು. ಅದರ ಸಂಗೀತವೆಲ್ಲ ಹುಟ್ಟುವುದು ರಿಕೋ 2ಎ03 ಎಂಬ ಚಿಪ್ಪಿನ ಐದು ದನಿಗಳಿಂದ: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಗದ್ದಲ, ಒಂದು ಪುಟ್ಟ ಧ್ವನಿಮುದ್ರಣ. ಇವಕ್ಕೆ ಇಂದಿಗೂ ಹೊಸ ಹಾಡು ಕಟ್ಟುವವರಿದ್ದಾರೆ. ಫ್ಯಾಮಿಟ್ರ್ಯಾಕರ್, ಫ್ಯಾಮಿಸ್ಟುಡಿಯೊ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಪಾಶ್ಚಾತ್ಯ ಸಂಗೀತಕ್ಕೆ ಐದು ದನಿ ಸಾಲದು. ಮೂರು ಸ್ವರ ಒಟ್ಟಿಗೆ ಬೇಕಾದಾಗ ಅದನ್ನು ಕಟ್ಟುವವರು ಒಂದೇ ದನಿಯಲ್ಲಿ, ಅಂದರೆ ಒಂದೇ ಚಾನೆಲ್ಲಿನಲ್ಲಿ, ಸ್ವರಗಳನ್ನು ಸರಸರನೆ ತಿರುಗಿಸಿ ಕಿವಿಯನ್ನು ನಂಬಿಸುತ್ತಾರೆ. ಲಾವಣಿ ಹಾಡುವ ನಮ್ಮ ಗೀಗೀ ಮೇಳಕ್ಕೆ ಆ ಪೇಚಾಟವೇ ಇಲ್ಲ. ಮುಂದೆ ಹಾಡುವವರ ಕೈಯಲ್ಲಿ ದಪ್ಪು, ಹಿಮ್ಮೇಳದಲ್ಲಿ ಒಬ್ಬರಿಗೆ ತುಂತುಣಿ, ಇನ್ನೊಬ್ಬರಿಗೆ ತಾಳ. ಇಷ್ಟರಲ್ಲೇ ಸಂಗೊಳ್ಳಿ ರಾಯಣ್ಣನ ಲಾವಣಿ ಕಳೆಗಟ್ಟುತ್ತದೆ. 1824ರ ಕಿತ್ತೂರು ಯುದ್ಧದ ಮೇಲೆ ಯಾರಾದರೂ ಆಟ ಮಾಡುವುದಾದರೆ ಸಂಗೀತಕ್ಕೆ ಈ ಮೇಳದ ಕಟ್ಟನ್ನೇ ತೆಗೆದುಕೊಳ್ಳಬೇಕು. ಧಾಟಿ ಮಾತ್ರ ಹೊಸದಿರಲಿ.

ಮೊದಲ ಚೌಕ ಅಲೆ ಮುಖ್ಯ ಗಾಯಕನದು. ಅಗಲ, ಅಂದರೆ ಪ್ರತಿ ಅಲೆಯಲ್ಲಿ ಮೇಲಿರುವ ಪಾಲು, ಶೇ 25 ಇಟ್ಟರೆ ದನಿ ತುಂಬಿ ಬರುತ್ತದೆ. ಎರಡನೆಯದು ತುಂತುಣಿ: ಅಗಲ ಶೇ 12.5, ಶಬ್ದಮಟ್ಟ ಗರಿಷ್ಠವಾದ 15ರಿಂದ ಸೊನ್ನೆಗೆ ಬೇಗ ಇಳಿಯಲಿ. ಮೀಟಿದ ತಂತಿಯ ಗುಣ ತಾನಾಗಿ ಬರುತ್ತದೆ. ತಾಳಕ್ಕೆ ಗದ್ದಲ ಸಾಕು. ಅದರಲ್ಲಿ 93 ಹೆಜ್ಜೆಗಳ ಚಿಕ್ಕ ಆವರ್ತನೆ ಆರಿಸಿದರೆ ಲೋಹದ ನಾದ ಬರುತ್ತದೆ. ತ್ರಿಕೋನ ಅಲೆಯನ್ನು ಹೆಚ್ಚಿನವರು ಮಂದ್ರಕ್ಕೆ ಬಳಸುತ್ತಾರೆ. ಇಲ್ಲಿ ಅದು ದಪ್ಪಿಗೆ. ಅದಕ್ಕೆ ಶಬ್ದದ ಏರಿಳಿತ ಇಲ್ಲ, ನುಡಿಯುವುದು ಇಲ್ಲವೇ ಸುಮ್ಮನಾಗುವುದು, ಅಷ್ಟೇ. ಆದ್ದರಿಂದ ಪೆಟ್ಟು ಬಿದ್ದೊಡನೆ ಸ್ವರವನ್ನು ಟಿವಿ ಚಿತ್ರದ ಮೂರ್ನಾಲ್ಕು ಫ್ರೇಮಿನಲ್ಲಿ ಕೆಳಕ್ಕೆ ಜಾರಿಸಿ ನಿಲ್ಲಿಸಿಬಿಡಬೇಕು. ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆ ಬೇಕೆಂದರೆ ಇದೇ ಚಾನೆಲ್ಲಿನಲ್ಲಿ ಸ್ವರವನ್ನು ಮೇಲಕ್ಕೆ ಎಳೆಯಿರಿ.

ಐದನೆಯದಾದ ಧ್ವನಿಮುದ್ರಣ ಹಿಮ್ಮೇಳದವರು ದನಿಗೂಡಿಸುವ ‘ಗೀ’ ಸೊಲ್ಲಿಗೆ. ಒಂದು ತುಣುಕಿಗೆ 4,081 ಬೈಟ್ ಮಿತಿ. ಅತಿ ಹೆಚ್ಚು ವೇಗದಲ್ಲಿ ಅದು ಒಂದು ಸೆಕೆಂಡಿಗೂ ತುಸು ಕಡಿಮೆ. ಒಂದು ಸೊಲ್ಲಿಗೆ ಅದು ಧಾರಾಳ.

ನಿಜವಾದ ಕಷ್ಟ ಶ್ರುತಿಯದು. ಚಿಪ್ಪಿಗೆ ಸ್ವರ ಗೊತ್ತಿಲ್ಲ, ಭಾಜಕ ಮಾತ್ರ ಗೊತ್ತು. ತನ್ನ ಗಡಿಯಾರದ ಸೆಕೆಂಡಿಗೆ 17,89,773 ಬಡಿತವನ್ನು 16ರಿಂದಲೂ, ನಾವು ಕೊಟ್ಟ ಸಂಖ್ಯೆಗೆ ಒಂದು ಕೂಡಿಸಿ ಅದರಿಂದಲೂ ಭಾಗಿಸುತ್ತದೆ. 253 ಕೊಟ್ಟರೆ 440.4 ಹರ್ಟ್ಸ್. ನಡುವಣ ಸ್ಥಾಯಿಯಲ್ಲಿ ಇದು ಸಾಕಷ್ಟು ನಯ. ಎರಡು ಸ್ಥಾಯಿ ಮೇಲೆ ಹೋದರೆ 1,760 ಬೇಕಾದಲ್ಲಿ 1,748 ಅಥವಾ 1,776 ಸಿಗುತ್ತದೆ, ನಡುವೆ ಏನೂ ಇಲ್ಲ. ಹಾಡನ್ನು ಅಷ್ಟು ಮೇಲಕ್ಕೆ ಒಯ್ಯಬೇಡಿ.

ಇನ್ನೊಂದು ತೊಡಕಿದೆ. ಸಂಖ್ಯೆ 255ರಿಂದ 256ಕ್ಕೆ ದಾಟಿದಾಗ ಚೌಕ ಅಲೆ ಮತ್ತೆ ಮೊದಲಿನಿಂದ ಶುರುವಾಗಿ ‘ಟಕ್’ ಎನ್ನುತ್ತದೆ. 253ರಲ್ಲಿ ಷಡ್ಜ ನಿಲ್ಲಿಸಿ ಗಮಕ ಕೊಟ್ಟರೆ ಪ್ರತಿ ಓಲಾಟಕ್ಕೂ ಟಕ್, ಟಕ್. ಷಡ್ಜವನ್ನು 284ಕ್ಕೆ, ಅಂದರೆ ಸುಮಾರು 392 ಹರ್ಟ್ಸ್‌ಗೆ ಇಳಿಸಿದರೆ ದೀರ್ಘ ಷಡ್ಜ ಶುದ್ಧವಾಗಿ ನಿಲ್ಲುತ್ತದೆ.

ಲಯದಲ್ಲಿ ಮೂರರ ನಡೆ ಬೇಕಿದ್ದರೆ ಫ್ಯಾಮಿಟ್ರ್ಯಾಕರ್ ಹಾಡಿನ ಒಂದು ಭಾಗಕ್ಕೆ ತಾನಾಗಿ ಕೊಡುವ 64 ಸಾಲುಗಳನ್ನು 48ಕ್ಕೆ ಇಳಿಸಿಕೊಳ್ಳಿ.

ಕೊನೆಗೆ ಹಾಡನ್ನು ಯಾವ ಯಂತ್ರದಲ್ಲಿ ಕೇಳಿಸುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ. ಜಪಾನಿನದು ಸೆಕೆಂಡಿಗೆ 60 ಫ್ರೇಮ್, ನಮ್ಮ ಟಿವಿಗೆ ಹೊಂದುವ ನಕಲುಗಳದು 50. ಅಲ್ಲಿಗೆ ಕಟ್ಟಿದ ಹಾಡು ಇಲ್ಲಿ ಆರನೇ ಒಂದು ಪಾಲು ನಿಧಾನವಾಗುತ್ತದೆ, ಶ್ರುತಿಯೂ ಕೊಂಚ ಇಳಿಯುತ್ತದೆ. ಕೆಲವು ನಕಲುಗಳಲ್ಲಿ ಶೇ 25 ಮತ್ತು ಶೇ 50ರ ಅಗಲಗಳು ಅದಲುಬದಲಾಗಿರುವುದರಿಂದ ಗಾಯಕನ ದನಿಯನ್ನು ಎರಡರಲ್ಲೂ ಕೇಳಿ ನೋಡಿ.