ನಿಮ್ಮ ಹೆಸರಿಲ್ಲದ ನಾಲ್ಕು ಷೇರು

1906ರ ಜುಲೈ 1ರಂದು ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಶುರುಮಾಡಿದರು. ತಲಾ 50 ರೂಪಾಯಿಯ 2,000 ಷೇರು, ನಾಲ್ವರು ನೌಕರರು. ಅಂದರೆ ಬಂಡವಾಳ 1 ಲಕ್ಷ ರೂಪಾಯಿ. ನಾಲ್ಕು ವರ್ಷ ಕಳೆದ ಮೇಲೆ ಅದು ಕೆನರಾ ಬ್ಯಾಂಕ್ ಆಯಿತು.

ಅದೇ ಬ್ಯಾಂಕು 2024–25ರ ಹಣಕಾಸು ವರ್ಷದಲ್ಲಿ ಗಳಿಸಿದ ನಿವ್ವಳ ಲಾಭ 17,027 ಕೋಟಿ ರೂಪಾಯಿ. ಓದುವಾಗ ಈ ಸಂಖ್ಯೆ ಕಣ್ಣೆದುರು ಹಾಗೇ ಜಾರಿಹೋಗುತ್ತದೆ. ಕೈಗೆ ಸಿಗಬೇಕಾದರೆ ಭಾಗಿಸಿ ನೋಡಬೇಕು. ಭಾನುವಾರ, ಹಬ್ಬದ ರಜೆ ಎಲ್ಲವನ್ನೂ ಸೇರಿಸಿಕೊಂಡರೂ ದಿನಕ್ಕೆ 46 ಕೋಟಿಗೂ ಹೆಚ್ಚು. ಗಂಟೆಗೆ ಎರಡು ಕೋಟಿಗೆ ತುಸು ಕಡಿಮೆ. ಸೆಕೆಂಡಿಗೆ ಸುಮಾರು 5,400 ರೂಪಾಯಿ. ಪೈಯವರ ಕಾಲದ ಆ ಇಡೀ 1 ಲಕ್ಷ ಬಂಡವಾಳವನ್ನು ಈಗಿನ ಬ್ಯಾಂಕು ಲಾಭವಾಗಿ ದುಡಿಯಲು ಬೇಕಾದದ್ದು 19 ಸೆಕೆಂಡು. ಪಾಸ್‌ಬುಕ್ ಎಂಟ್ರಿ ಮಾಡಿಸಲು ಕೌಂಟರಿನ ಎದುರು ನಿಂತವರಿಗೆ ಅಷ್ಟು ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಲಾಭದ ಗಾತ್ರಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೊಂದು ಪ್ರಶ್ನೆ: ಈ ದುಡ್ಡು ಯಾರದು?

ಒಂದೇ ಬ್ಯಾಂಕು ಮೂರು ಬಗೆಯ ಒಡೆತನವನ್ನು ಕಂಡಿದೆ. ಮೊದಲ 63 ವರ್ಷ ಅದು ಷೇರುದಾರರದು. ಆಮೇಲಿನ 33 ವರ್ಷ ಪೂರ್ತಿ ಸರ್ಕಾರದ್ದು. 2002ರಿಂದೀಚೆಗೆ ಇಬ್ಬರದೂ.

1969ರ ಜುಲೈ 19ರಂದು ಇಂದಿರಾ ಗಾಂಧಿ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಆಯ್ಕೆಗೆ ಎಳೆದ ಗೆರೆ: ಠೇವಣಿ 50 ಕೋಟಿ ದಾಟಿರಬೇಕು. (ಇಂದು ಕೆನರಾದ ಒಂದು ದಿನದ ಲಾಭವೇ ಆ ಗೆರೆಯ ಹತ್ತಿರಕ್ಕೆ ಬರುತ್ತದೆ.) ಆ ಬ್ಯಾಂಕುಗಳಲ್ಲಿ ಕೆಲವುಗಳ ಷೇರುದಾರರಾಗಿದ್ದ ಆರ್.ಸಿ. ಕೂಪರ್ ಸುಪ್ರೀಂ ಕೋರ್ಟಿಗೆ ಹೋದರು. 1970ರ ಫೆಬ್ರುವರಿ 10ರಂದು ನ್ಯಾಯಾಲಯ ಆ ಕಾನೂನನ್ನು ರದ್ದುಮಾಡಿತು. ನಾಲ್ಕೇ ದಿನದಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದಿತು. ಈ ಸಲ 14 ಬ್ಯಾಂಕುಗಳಿಗೂ ಸೇರಿ ನಿಗದಿಯಾದ ಪರಿಹಾರ 87 ಕೋಟಿ 40 ಲಕ್ಷ ರೂಪಾಯಿ. ಸರಾಸರಿ ಒಂದು ಬ್ಯಾಂಕಿಗೆ 6 ಕೋಟಿ 24 ಲಕ್ಷ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟು ನೋಡಿ. 2024–25ರ ಲಾಭಕ್ಕೆ ಕೆನರಾ ಬ್ಯಾಂಕು ಷೇರಿಗೆ 4 ರೂಪಾಯಿ ಲಾಭಾಂಶ ಕೊಟ್ಟಿತು. ಕೇಂದ್ರ ಸರ್ಕಾರದ ಪಾಲಿಗೆ ಬಂದದ್ದು 2,283 ಕೋಟಿ. ದಿನದ ಲೆಕ್ಕದಲ್ಲಿ 6 ಕೋಟಿ 25 ಲಕ್ಷ. ಅಂದು ಹದಿನಾಲ್ಕು ಬ್ಯಾಂಕುಗಳಿಗೆ ಕೊಟ್ಟ ಅಷ್ಟೂ ಪರಿಹಾರ, ಇಂದು ಒಂದೇ ಬ್ಯಾಂಕಿನ ಲಾಭಾಂಶದಲ್ಲಿ ಹದಿನಾಲ್ಕು ದಿನಕ್ಕೆ ಹುಟ್ಟುತ್ತದೆ. ಈ ಉತ್ತರ ಬಂದಾಗ ನಾನು ಎಲ್ಲೋ ಸೊನ್ನೆ ತಪ್ಪಿರಬೇಕೆಂದು ಮತ್ತೆ ಭಾಗಿಸಿದೆ. ಸೊನ್ನೆ ಸರಿಯಾಗಿಯೇ ಇತ್ತು.

ಹಾಗೆಂದು ಸರ್ಕಾರಕ್ಕೆ ಪುಕ್ಕಟೆ ನಿಧಿ ಸಿಕ್ಕಿತು ಎಂದುಕೊಂಡರೆ ಲೆಕ್ಕ ಅರ್ಧಕ್ಕೇ ನಿಂತಂತೆ. 1970ರ ರೂಪಾಯಿಯ ತೂಕ ಇಂದಿನ ರೂಪಾಯಿಗಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಒಡೆಯ ಲಾಭ ಉಂಡಂತೆ ನಷ್ಟವನ್ನೂ ಹೊರಬೇಕು. ಸಾಲಗಳು ವಸೂಲಾಗದೆ ಸರ್ಕಾರಿ ಬ್ಯಾಂಕುಗಳು ಕುಸಿದು ಕೂತಿದ್ದಾಗ, 2016–17ರಿಂದ 2020–21ರವರೆಗಿನ ಐದೇ ವರ್ಷಗಳಲ್ಲಿ ಕೇಂದ್ರ ಅವುಗಳಿಗೆ ತುಂಬಿದ ಬಂಡವಾಳ 3 ಲಕ್ಷ ಕೋಟಿಗೂ ಹೆಚ್ಚು. ಆ ಹಣ ಬಂದದ್ದು ಬೊಕ್ಕಸದ ಹೆಸರಿನಲ್ಲಿ, ಅಂದರೆ ನಮ್ಮಿಂದ.

ಇಲ್ಲಿಗೆ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದ ಭಾಗಾಕಾರ ಬರುತ್ತದೆ. ಬ್ಯಾಂಕಿನ ಒಟ್ಟು ಷೇರು ಸುಮಾರು 907 ಕೋಟಿ. ಅದರಲ್ಲಿ ಶೇ 62.93 ಸರ್ಕಾರದ್ದು, ಅಂದರೆ ಹತ್ತಿರ ಹತ್ತಿರ 571 ಕೋಟಿ ಷೇರು. ಸರ್ಕಾರ ಅದನ್ನು ಹಿಡಿದುಕೊಂಡಿರುವುದು ಪ್ರಜೆಗಳ ಪರವಾಗಿ. ದೇಶದ ಜನಸಂಖ್ಯೆ 145 ಕೋಟಿಯ ಆಸುಪಾಸು ಎಂದಿಟ್ಟುಕೊಂಡರೆ ತಲೆಗೆ ನಾಲ್ಕು ಷೇರು. ನಿಮಗೆ ನಾಲ್ಕು, ನಿಮ್ಮ ಅಜ್ಜಿಗೆ ನಾಲ್ಕು, ಇವತ್ತು ಬೆಳಿಗ್ಗೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ಕೂಸಿಗೂ ನಾಲ್ಕು. ತಲೆಗೆ ಬಂದ ವರ್ಷದ ಲಾಭಾಂಶ ಸುಮಾರು 16 ರೂಪಾಯಿ.

ಈ ನಾಲ್ಕು ಷೇರನ್ನು ಮಾರಲಾಗದು. ಮಗಳಿಗೆ ಬರೆದುಕೊಡಲಾಗದು. ಯಾವ ಡಿಮ್ಯಾಟ್ ಖಾತೆಯಲ್ಲೂ ಅದು ಕಾಣುವುದಿಲ್ಲ. ವಾರ್ಷಿಕ ಮಹಾಸಭೆಗೆ ಆ ಷೇರಿನ ಬಲದಲ್ಲಿ ಕರೆಯೋಲೆ ಬರುವುದಿಲ್ಲ. ಅಲ್ಲಿ ಮತ ಹಾಕುವುದು ಸರ್ಕಾರದ ಪ್ರತಿನಿಧಿ.

ಉಳಿದ ಶೇ 37ರ ಒಡೆಯರ ಕಥೆ ಬೇರೆ. 2002ರಲ್ಲಿ ಬ್ಯಾಂಕು ರಾಷ್ಟ್ರೀಕರಣದ ನಂತರ ಮೊದಲ ಬಾರಿಗೆ ಸಾರ್ವಜನಿಕರಿಗೆ 11 ಕೋಟಿ ಷೇರು ಮಾರಿತು. ಮುಖಬೆಲೆ 10 ರೂಪಾಯಿ, ಮಾರಿದ್ದು 35ಕ್ಕೆ. ಅಂದು 100 ಷೇರು ಕೊಂಡವರು ತೆತ್ತದ್ದು 3,500 ರೂಪಾಯಿ. 2024ರಲ್ಲಿ ಒಂದೊಂದು ಷೇರನ್ನೂ ಐದು ಮಾಡಿದ್ದರಿಂದ ಅವರ ಬಳಿ ಈಗ 500. 2024–25ರ ಒಂದೇ ವರ್ಷದ ಲಾಭಾಂಶ 2,000 ರೂಪಾಯಿ ಅವರ ಉಳಿತಾಯ ಖಾತೆಗೆ ನೇರ ಬಂದು ಬಿತ್ತು. ಬೇಕಾದ ದಿನ ಮಾರಬಹುದು, ಬೇಡವಾದರೆ ಇಟ್ಟುಕೊಳ್ಳಬಹುದು. ಆದರೆ ಇವರ ಕೈಗೂ ಕಾನೂನು ಒಂದು ಮಿತಿ ಕಟ್ಟಿದೆ. ಸರ್ಕಾರದ ಪಾಲು ಶೇ 51ಕ್ಕಿಂತ ಕೆಳಗಿಳಿಯುವಂತಿಲ್ಲ. ಸರ್ಕಾರವಲ್ಲದ ಬೇರೆ ಯಾರ ಬಳಿ ಎಷ್ಟೇ ಷೇರಿದ್ದರೂ ಒಟ್ಟು ಮತದ ಶೇ 10ಕ್ಕಿಂತ ಹೆಚ್ಚು ಚಲಾಯಿಸುವಂತಿಲ್ಲ.

ಮಂಗಳೂರನ್ನು ಬಿಟ್ಟು ಕದಲದೆಯೇ ಇದಕ್ಕೊಂದು ಜೋಡಿ ಉದಾಹರಣೆ ಸಿಗುತ್ತದೆ. 1969 ಮತ್ತು 1980ರ ಎರಡು ಸುತ್ತಿನಲ್ಲಿ ದೇಶದಲ್ಲಿ ರಾಷ್ಟ್ರೀಕರಣವಾದದ್ದು 20 ಬ್ಯಾಂಕು. ಅವುಗಳಲ್ಲಿ ನಾಲ್ಕು—ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ—ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡ ಎಂಬ ಒಂದೇ ಜಿಲ್ಲೆಯಲ್ಲಿ. ಐದಕ್ಕೆ ಒಂದು! ಅದೇ ನೆಲದಲ್ಲಿ 1924ರಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕ್ ಮಾತ್ರ ಎರಡೂ ಸುತ್ತಿನಲ್ಲಿ ಹೊರಗುಳಿಯಿತು. ಇಂದಿಗೂ ನಾವದನ್ನು ಖಾಸಗಿ ಬ್ಯಾಂಕ್ ಎನ್ನುತ್ತೇವೆ. ಆದರೆ ಅದರ ಷೇರುಪಟ್ಟಿ ತೆಗೆದರೆ ಪ್ರವರ್ತಕರ ಸಾಲಿನಲ್ಲಿ ಸೊನ್ನೆ. ಒಂದು ಮನೆತನದ ಹಿಡಿತವಿಲ್ಲ, ಸರ್ಕಾರದ ಹಿಡಿತವೂ ಇಲ್ಲ. ನೂರಕ್ಕೆ ನೂರು ಪಾಲು ಪೇಟೆಯಲ್ಲಿ ಷೇರು ಕೊಂಡ ಜನರದು, ಸಂಸ್ಥೆಗಳದು.

‘ಸಾರ್ವಜನಿಕ’ ಎಂಬ ಬ್ಯಾಂಕಿನಲ್ಲಿ ಷೇರು ಕೊಂಡ ಸಾರ್ವಜನಿಕರದು ಶೇ 37. ‘ಖಾಸಗಿ’ ಎಂಬ ಬ್ಯಾಂಕಿನಲ್ಲಿ ಶೇ 100. ನಮ್ಮ ಭಾಷೆ ಒಂದೇ ಶಬ್ದಕ್ಕೆ ಎರಡು ಕೆಲಸ ಹಚ್ಚಿದೆ. ಸರ್ಕಾರದ್ದಕ್ಕೂ ಸಾರ್ವಜನಿಕ, ಷೇರು ಪೇಟೆಗೆ ತೆರೆದಿಟ್ಟದ್ದಕ್ಕೂ ಸಾರ್ವಜನಿಕ. ಕಂಪನಿ ಕಾಯ್ದೆಯ ಪ್ರಕಾರ ನಿಜವಾದ ಖಾಸಗಿ ಕಂಪನಿ ಇವೆರಡೂ ಅಲ್ಲ. ಅದರ ಸದಸ್ಯರು 200 ಮೀರುವಂತಿಲ್ಲ, ಷೇರನ್ನು ಬೀದಿಯಲ್ಲಿ ಹೋಗುವವರಿಗೆಲ್ಲ ಮಾರುವಂತಿಲ್ಲ. ಮದುವೆಮನೆಯ ಎರಡು ಪಂಕ್ತಿಯಲ್ಲಿ ಅದರ ಎಲ್ಲ ಒಡೆಯರೂ ಉಂಡೇಳಬಹುದು. ಸಾರ್ವಜನಿಕ ಕಂಪನಿಗೆ ಏಳು ಜನ ಇದ್ದರೆ ಸಾಕು, ಮೇಲ್ಮಿತಿಯೇ ಇಲ್ಲ.

ಮತ್ತೆ ಆ ನಾಲ್ಕು ಷೇರಿಗೆ ಬರುತ್ತೇನೆ. ಮಾರಲಾಗದ, ಮತ ಹಾಕಲಾಗದ ಆ ಪಾಲಿನ ಜೊತೆಗೆ ಒಂದು ಹಕ್ಕು ಬರುತ್ತದೆ. ಅದನ್ನು ನಾನು ಬಹಳ ದೊಡ್ಡದೆಂದೇ ಎಣಿಸುತ್ತೇನೆ. ಸರ್ಕಾರಿ ಸ್ವಾಮ್ಯದ ಬ್ಯಾಂಕು ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತದೆ. ನಿಮ್ಮ ಹೆಸರಿನಲ್ಲಿ ಒಂದು ಷೇರೂ ಇಲ್ಲದಿದ್ದರೂ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಕೇಳಬಹುದು. ಇನ್ನೊಬ್ಬರ ಖಾತೆಯ ವಿವರದಂಥವು ಸಿಗಲಾರವು. ನೇಮಕ, ಖರ್ಚು, ನಿಯಮಗಳ ಬಗ್ಗೆ ಕೇಳಲು ಅಡ್ಡಿಯಿಲ್ಲ. ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ಪಾಲಿನ ವರ್ಷದ ಲಾಭಾಂಶದಲ್ಲಿ ಅದು ಹೋಗಿ ಇನ್ನೂ 6 ರೂಪಾಯಿ ಮಿಗುತ್ತದೆ. 2025ರ ಮಾರ್ಚ್ ಕೊನೆಗೆ ಠೇವಣಿ, ಸಾಲ ಸೇರಿ 25 ಲಕ್ಷ ಕೋಟಿಯ ವಹಿವಾಟು ಮುಟ್ಟಿದ್ದ ಬ್ಯಾಂಕು, ಆ 10 ರೂಪಾಯಿಯ ಅರ್ಜಿ ತಲುಪಿದ 30 ದಿನದೊಳಗೆ ನಿಮಗೆ ಉತ್ತರ ಬರೆಯಬೇಕು.